ಲೇತ್‌ನಲ್ಲಿ ಟೇಪರ್ ಬರ್ತಿದೆಯಾ? ಸ್ಕ್ರೂ ಮುಟ್ಟುವ ಮೊದಲು ಓದಿ

ಹೊಸೂರಿನ ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಸುತ್ತಮುತ್ತ ದೊಡ್ಡ ಕಂಪನಿಗಳಿಗೆ ಪಾರ್ಟ್ ಮಾಡಿಕೊಡುವ ಸಣ್ಣ ಶೆಡ್‌ಗಳು ಬೇಕಾದಷ್ಟಿವೆ. ಅಂಥ ಕಡೆ ಜಾಬ್ (ಮಷೀನ್ ಮೇಲೆ ಮಾಡುವ ಪೀಸ್) ರಿಜೆಕ್ಟ್ ಆಗುವ ಕಾರಣಗಳಲ್ಲಿ ಮೇಲಿಂದ ಮೇಲೆ ಕಿವಿಗೆ ಬೀಳುವ ಮಾತು ಟೇಪರ್. ಶಾಫ್ಟ್‌ನ ಒಂದು ತುದಿಯಲ್ಲಿ ಸೈಜ್ ಸರಿ ಇರುತ್ತದೆ, ಇನ್ನೊಂದು ತುದಿಯಲ್ಲಿ 20 ಮೈಕ್ರಾನ್ (0.02 ಮಿಮೀ) ಜಾಸ್ತಿ. ಕೂಡಲೇ ಯಾರೋ ಒಬ್ಬರು ಅಲೆನ್ ಕೀ ತಗೊಂಡು ಟೈಲ್‌ಸ್ಟಾಕ್ (ಜಾಬ್‌ನ ಹೊರ ತುದಿಗೆ ಆಸರೆ ಕೊಡುವ ಭಾಗ) ಕಡೆ ಹೋಗ್ತಾರೆ. ಅಲ್ಲಿಂದಲೇ ತೊಂದರೆ ಶುರು.

ಯಾಕೆಂದರೆ ಟೇಪರ್‌ಗೆ ಕಾರಣ ಒಂದೇ ಅಲ್ಲ. ಜಾಬ್ ಬಾಗಿದರೂ ಟೇಪರ್, ಟೈಲ್‌ಸ್ಟಾಕ್ ಸರಿದಿದ್ದರೂ ಟೇಪರ್, ಬೆಡ್ (ಎಲ್ಲ ಭಾಗಗಳೂ ಕೂತಿರುವ ಉದ್ದನೆಯ ತಳ) ತಿರುಚಿದ್ದರೂ ಟೇಪರ್, ಟೂಲ್ ಸವೆದರೂ ಟೇಪರ್. ಬಾಗಿದ್ದರಿಂದ ಬಂದ ಟೇಪರ್‌ಗೆ ಟೈಲ್‌ಸ್ಟಾಕ್ ಸರಿಸಿದರೆ ಆ ಒಂದು ಜಾಬ್ ಮಟ್ಟಿಗೆ ಸೈಜ್ ಬರಬಹುದು. ಮುಂದಿನ ಜಾಬ್ ದಪ್ಪ ಇದ್ದರೆ ಟೇಪರ್ ಉಲ್ಟಾ ಬರುತ್ತದೆ. ಆಮೇಲೆ ಮಷೀನ್ ಕೆಟ್ಟಿದೆ ಅಂತ ಹೆಡ್‌ಸ್ಟಾಕ್ (ಜಾಬ್ ತಿರುಗಿಸುವ ಸ್ಪಿಂಡಲ್ ಇರುವ ಭಾಗ) ಬೋಲ್ಟ್‌ಗೆ ಕೈ ಹಾಕೋದು. ಅಷ್ಟು ಹೊತ್ತಿಗೆ ಮೊದಲು ಯಾವುದು ಸರಿ ಇತ್ತು, ಯಾವುದು ಇರಲಿಲ್ಲ ಅನ್ನುವುದೇ ಯಾರಿಗೂ ಗೊತ್ತಿರುವುದಿಲ್ಲ.

ಇಲ್ಲಿ ಹೇಳುತ್ತಿರುವುದು ಮುಖ್ಯವಾಗಿ ಸಾದಾ ಸೆಂಟರ್ ಲೇತ್‌ಗೆ. ಬೆಂಗಳೂರಿನ ಎಚ್‌ಎಂಟಿಯವರ ಹಳೇ ಲೇತ್‌ಗಳು ಈ ಭಾಗದಲ್ಲಿ ಇನ್ನೂ ದುಡಿಯುತ್ತಿವೆ, ಅಂಥವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಸಿಎನ್‌ಸಿ (ಕಂಪ್ಯೂಟರ್ ಪ್ರೋಗ್ರಾಮ್‌ನಲ್ಲಿ ಓಡುವ ಮಷೀನ್) ಬಗ್ಗೆ ಕೊನೆ ಕಡೆ ಸ್ವಲ್ಪ ಇದೆ.

ಮೊದಲು ಅಳತೆಯೇ ಸರಿ ಇದೆಯಾ?

25 ಮಿಮೀ ಶಾಫ್ಟ್, ಎಚ್6 (h6) ಟಾಲರೆನ್ಸ್, ಅಂದರೆ ಸೈಜ್ ಎಷ್ಟು ಆಚೀಚೆ ಆಗಬಹುದು ಅನ್ನುವ ಮಿತಿ, ಅಂದುಕೊಳ್ಳಿ. ಒಟ್ಟು ಸಿಗುವ ಜಾಗ 13 ಮೈಕ್ರಾನ್. ಉಕ್ಕು 1 ಡಿಗ್ರಿಗೆ ಮೀಟರಿಗೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ. ಲೆಕ್ಕ ಹಾಕಿ: ಜಾಬ್ 20 ಡಿಗ್ರಿ ಬಿಸಿ ಇದ್ದರೆ 25 ಮಿಮೀ ವ್ಯಾಸದಲ್ಲಿ ಹತ್ತಿರ ಹತ್ತಿರ 6 ಮೈಕ್ರಾನ್ ಹೆಚ್ಚು ತೋರಿಸುತ್ತದೆ. ಟಾಲರೆನ್ಸ್‌ನ ಅರ್ಧದಷ್ಟು ಅಲ್ಲೇ ಹೋಯಿತು. ಅಲ್ಯೂಮಿನಿಯಂ ಆದರೆ ಇದರ ದುಪ್ಪಟ್ಟು.

ಅದರಲ್ಲೂ ಉದ್ದ ಪಾಸ್‌ನಲ್ಲಿ ಜಾಬ್ ಎಲ್ಲಾ ಕಡೆ ಒಂದೇ ಸಮ ಬಿಸಿ ಆಗುವುದಿಲ್ಲ. ಟೈಲ್‌ಸ್ಟಾಕ್ ಕಡೆಯಿಂದ ಚಕ್ (ಜಾಬ್ ಹಿಡಿದು ತಿರುಗಿಸುವ ಭಾಗ) ಕಡೆಗೆ ಕತ್ತರಿಸುತ್ತಾ ಹೋದಂತೆ ಬಿಸಿ ಏರುತ್ತದೆ. ಬಿಸಿಯಲ್ಲಿ ಹಿಗ್ಗಿದ ಭಾಗದಲ್ಲಿ ಹೆಚ್ಚು ಲೋಹ ಹೋಗುತ್ತದೆ. ತಣ್ಣಗಾದ ಮೇಲೆ ಅದೇ ಕಡೆ ಸೈಜ್ ಕಮ್ಮಿ. ಮಷೀನ್‌ನಲ್ಲಿ ಅಳೆದಾಗ ಸರಿ ಇತ್ತು, ಇನ್‌ಸ್ಪೆಕ್ಷನ್ ಟೇಬಲ್‌ನಲ್ಲಿ ಟೇಪರ್ ಬಂತು ಅಂತ ಜಗಳ ಆಗೋದು ಎಷ್ಟೋ ಸಲ ಇದರಿಂದಲೇ. ಎರಡೂ ಕಡೆಯವರು ಹೇಳಿದ್ದು ನಿಜ. ಅಳತೆಗಳಿಗೆ ಲೋಕವೆಲ್ಲ ಒಪ್ಪಿರುವ ತಾಪಮಾನ 20 ಡಿಗ್ರಿ. ತಗಡಿನ ಶೆಡ್‌ನಲ್ಲಿ 20 ಡಿಗ್ರಿ ಕೇಳೋದು ಜಾಸ್ತಿ ಆಯ್ತು. ಆದರೆ ಜಾಬ್ ಮತ್ತು ಮೈಕ್ರೋಮೀಟರ್ ಎರಡೂ ಒಂದೇ ಬಿಸಿಯಲ್ಲಿ ಇರಲಿ, ಅಷ್ಟು ಸಾಕು.

ಹಾಗಾಗಿ ಜಾಬ್ ತಣ್ಣಗಾಗಲಿ. ಬರ್ (ಅಂಚಿನಲ್ಲಿ ಎದ್ದ ಲೋಹದ ಚೂರು) ತೆಗೆಯಿರಿ, ಒರೆಸಿ. ರ‍್ಯಾಚೆಟ್ ಹಿಡಿದೇ ಅಳೆಯಿರಿ. ಎರಡು ತುದಿ ಮಾತ್ರ ಅಲ್ಲ, ನಡುವೆ ಕನಿಷ್ಠ ಒಂದು ಜಾಗ ಅಳೆಯಿರಿ. ಆ ನಡುವಿನ ಅಳತೆಯೇ ಅರ್ಧ ಕಥೆ ಹೇಳುತ್ತದೆ. ಒಂದು ತುದಿಯಿಂದ ಇನ್ನೊಂದಕ್ಕೆ ಸಮವಾಗಿ ಬೆಳೆದಿದ್ದರೆ ಅದು ನಿಜವಾದ ಟೇಪರ್. ನಡುವೆ ದಪ್ಪ, ಎರಡೂ ತುದಿ ಸಣ್ಣ ಇದ್ದರೆ ಎರಡು ಸೆಂಟರ್ (ಜಾಬ್‌ನ ತುದಿಗೆ ಆನಿಸುವ ಮೊನೆ) ನಡುವೆ ಇರುವ ಜಾಬ್ ಹೊಟ್ಟೆ ಕಡೆ ಬಾಗಿದೆ. ಒಂದೇ ಕಡೆ ಸ್ವಲ್ಪ ದೂರ ಮಾತ್ರ ದಪ್ಪ, ಉಳಿದದ್ದು ಸರಿ ಇದ್ದರೆ ಬೆಡ್ ಸವೆತದ ಮೇಲೆ ಅನುಮಾನ ಇಡಿ.

ಮಷೀನ್ ನಿಲ್ಲಿಸಿ, ಕೈಯಿಂದ ತಳ್ಳಿ ನೋಡಿ

ಇದಕ್ಕೆ ಎರಡು ನಿಮಿಷ ಸಾಕು, ಆದರೂ ಮಾಡುವವರು ಕಮ್ಮಿ. ಮಷೀನ್ ಪೂರ್ತಿ ಬಂದ್ ಮಾಡಿ, ಮೇನ್ ಸ್ವಿಚ್ ಸಹಿತ. ಡಯಲ್ ಗೇಜ್‌ನ ಸ್ಟ್ಯಾಂಡ್ ಅನ್ನು ಸ್ಯಾಡಲ್ (ಟೂಲ್ ಹೊತ್ತು ಬೆಡ್ ಮೇಲೆ ಓಡಾಡುವ ಭಾಗ) ಮೇಲೆ ಕೂರಿಸಿ, ಜಾಬ್‌ನ ಹೊರ ತುದಿಗೆ ಮುಟ್ಟಿಸಿ, ಸೊನ್ನೆ ಮಾಡಿ. ಈಗ ಜಾಬ್ ಅನ್ನು ಆಪರೇಟರ್ ಕಡೆಯಿಂದ ಹಿಂದಕ್ಕೆ ಕೈಯಲ್ಲಿ ಗಟ್ಟಿಯಾಗಿ ತಳ್ಳಿ, ಬಿಡಿ.

ಮುಳ್ಳು ಸರಿದು, ಬಿಟ್ಟ ಕೂಡಲೇ ಸೊನ್ನೆಗೇ ವಾಪಸ್ ಬಂದರೆ ಜಾಬ್ ಬಾಗುತ್ತಿದೆ ಅಷ್ಟೇ, ಏನೂ ಸಡಿಲ ಇಲ್ಲ. ವಾಪಸ್ ಬರದೆ ಬೇರೆ ಕಡೆ ನಿಂತರೆ ಎಲ್ಲೋ ಲೂಸ್ ಇದೆ. ಚಕ್ ಜಾ (ಜಾಬ್ ಕಚ್ಚಿ ಹಿಡಿಯುವ ಹಲ್ಲು), ಸ್ಪಿಂಡಲ್ ಬೇರಿಂಗ್, ಲೈವ್ ಸೆಂಟರ್ (ಜಾಬ್ ಜೊತೆ ತಿರುಗುವ ಸೆಂಟರ್) ಬೇರಿಂಗ್, ಲಾಕ್ ಮಾಡದ ಕ್ವಿಲ್ (ಟೈಲ್‌ಸ್ಟಾಕ್‌ನಿಂದ ಹೊರಗೆ ಬರುವ ಕೊಳವೆ), ಯಾವುದಾದರೂ ಆಗಬಹುದು. ಡಯಲ್ ಅನ್ನು ಒಂದೊಂದರ ಮೇಲೂ ಇಟ್ಟು ತಳ್ಳುತ್ತಾ ಬನ್ನಿ. ಚಕ್ ಬಾಡಿಯೇ ಅಲ್ಲಾಡಿದರೆ ಬೇರಿಂಗ್. ಚಕ್ ಅಲ್ಲಾಡದೆ ಜಾಬ್ ಮಾತ್ರ ಅಲ್ಲಾಡಿದರೆ ಜಾ.

ಜಾ ವಿಷಯ ಬಂತಲ್ಲ, ಒಂದು ಮಾತು. ಹಳೇ ಮೂರು ಜಾ ಚಕ್‌ಗಳಲ್ಲಿ ಜಾಗಳ ಬಾಯಿ ಕಡೆ ಸವೆದು ಅಗಲ ಆಗಿರುತ್ತದೆ. ಜಾಬ್ ಅನ್ನು ಒಳಗಡೆ ಮಾತ್ರ ಹಿಡಿಯುತ್ತದೆ, ಹೊರಗಡೆ ಹಿಡಿತವೇ ಇಲ್ಲ. ಎಷ್ಟು ಬಿಗಿ ಮಾಡಿದರೂ ಕಟ್ ಬಿದ್ದಾಗ ಜಾಬ್ ಓಲಾಡುತ್ತದೆ. ಒಂದು ಗ್ರೈಂಡಿಂಗ್ ಆದ ಪಿನ್ ಹಿಡಿಸಿ, ಜಾ ಬಾಯಿಯಲ್ಲಿ ತೆಳು ಫೀಲರ್ ಗೇಜ್ ತೂರುತ್ತಾ ನೋಡಿ. ತೂರಿದರೆ ಅಲ್ಲೇ ಸಿಕ್ಕಿತು. ಸಾಫ್ಟ್ ಜಾ ಹಾಕಿ ಬೋರ್ ಮಾಡಿಕೊಳ್ಳುವುದು ಒಳ್ಳೆಯದು. ಗಟ್ಟಿ ಜಾಗಳನ್ನು ಗ್ರೈಂಡ್ ಮಾಡುವುದಾದರೆ ಒಂದು ರಿಂಗ್ ಮೇಲೆ ಬಿಗಿ ಮಾಡಿ ಲೋಡ್ ಕೊಟ್ಟೇ ಮಾಡಬೇಕು, ಖಾಲಿ ಚಕ್‌ನಲ್ಲಿ ಮಾಡಿದರೆ ಪ್ರಯೋಜನ ಇಲ್ಲ.

ಬಾಗಿದ್ದಾ, ಸರಿದಿದ್ದಾ? ಸ್ಪ್ರಿಂಗ್ ಪಾಸ್ ಹೇಳುತ್ತದೆ

ಟೈಲ್‌ಸ್ಟಾಕ್ ಇಲ್ಲದೆ, ಚಕ್‌ನಲ್ಲಿ ಮಾತ್ರ ಹಿಡಿದ ಜಾಬ್ ತಗೊಳ್ಳಿ. ಹೊರ ತುದಿ ದಪ್ಪ ಬರುತ್ತಿದೆ. ಇದಕ್ಕೆ ಎರಡು ಕಾರಣ ಇರಬಹುದು. ಒಂದು, ಟೂಲ್ ತಳ್ಳಿದ ರಭಸಕ್ಕೆ ಜಾಬ್ ಹಿಂದಕ್ಕೆ ಬಾಗಿ, ಅಲ್ಲಿ ಕಡಿಮೆ ಲೋಹ ಹೋಗಿದೆ. ಇನ್ನೊಂದು, ಸ್ಪಿಂಡಲ್ ಅಕ್ಷವೇ ಬೆಡ್‌ಗೆ ಸಮಾನಾಂತರ ಇಲ್ಲ, ತುದಿ ಹಿಂದಕ್ಕೆ ತಿರುಗಿದೆ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತದೆ.

ಬೇರೆ ಮಾಡುವುದು ಸುಲಭ. ಕ್ರಾಸ್ ಸ್ಲೈಡ್ (ಕಟ್‌ನ ಆಳ ಕೊಡುವ ಸ್ಲೈಡ್) ಮುಟ್ಟದೆ ಅದೇ ಸೆಟ್ಟಿಂಗ್‌ನಲ್ಲಿ ಇನ್ನೊಂದು ಪಾಸ್ ಓಡಿಸಿ, ಮತ್ತೆ ಅಳೆಯಿರಿ. ಇದೇ ಸ್ಪ್ರಿಂಗ್ ಪಾಸ್. ಇನ್ನೂ ಒಂದು ಪಾಸ್, ಮತ್ತೆ ಅಳತೆ. ಪ್ರತಿ ಸಲ ಹೊರ ತುದಿ ಇಳಿಯುತ್ತಾ, ಟೇಪರ್ ಕಮ್ಮಿ ಆಗುತ್ತಾ ಬಂದರೆ ಜಾಬ್ ಬಾಗುತ್ತಿತ್ತು ಅಂತ ಅರ್ಥ. ಎಷ್ಟು ಪಾಸ್ ಕೊಟ್ಟರೂ ಟೇಪರ್ ಅಷ್ಟೇ ಇದ್ದರೆ ಮಷೀನ್‌ನ ಅಲೈನ್‌ಮೆಂಟ್ ನೋಡಬೇಕು.

ಇದಕ್ಕೆ ಚೂಪಾದ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲ್ ಬಳಸಿ. ಮಾಮೂಲಿ ಕಾರ್ಬೈಡ್ ಇನ್ಸರ್ಟ್‌ನ ಅಂಚು ಸ್ವಲ್ಪ ಮೊಂಡು ಮಾಡಿಯೇ ಬಂದಿರುತ್ತದೆ. 10-20 ಮೈಕ್ರಾನ್ ಆಳಕ್ಕೆ ಅದು ಕತ್ತರಿಸುವುದಿಲ್ಲ, ಉಜ್ಜುತ್ತದೆ. ಆಗ ಸ್ಪ್ರಿಂಗ್ ಪಾಸ್ ಕೊಟ್ಟರೂ ಸೈಜ್ ಇಳಿಯುವುದಿಲ್ಲ, ನೀವು ತಪ್ಪು ತೀರ್ಮಾನಕ್ಕೆ ಬರ್ತೀರಿ.

ಬಾಗೋದು ಎಷ್ಟು ದೊಡ್ಡ ವಿಷಯ ಅಂತ ಒಂದು ಲೆಕ್ಕ ನೋಡಿ. 25 ಮಿಮೀ ಉಕ್ಕಿನ ಬಾರ್ ಚಕ್‌ನಿಂದ 100 ಮಿಮೀ ಹೊರಗಿದೆ. ತುದಿಯಲ್ಲಿ ಟೂಲ್ ಸುಮಾರು 20 ಕೆಜಿ ಬಲದಲ್ಲಿ ಹಿಂದಕ್ಕೆ ತಳ್ಳುತ್ತಿದೆ. ಬಾರ್ 17 ಮೈಕ್ರಾನ್ ಬಾಗುತ್ತದೆ. ವ್ಯಾಸದಲ್ಲಿ ಅದು 34 ಮೈಕ್ರಾನ್. ಎಚ್6 ಶಾಫ್ಟ್ ಆದರೆ ಎರಡೂವರೆ ಪಟ್ಟು ರಿಜೆಕ್ಟ್! ಅದೇ ಬಾರ್ 50 ಮಿಮೀ ಮಾತ್ರ ಹೊರಗಿದ್ದರೆ ಬಾಗುವುದು ಬರೀ 2 ಮೈಕ್ರಾನ್. ಉದ್ದ ಎರಡರಷ್ಟಾದರೆ ಬಾಗುವಿಕೆ ಎಂಟರಷ್ಟು. ವ್ಯಾಸ ಅರ್ಧ ಆದರೆ ಹದಿನಾರರಷ್ಟು. ಇದರಲ್ಲಿ ಮಷೀನ್‌ನ ತಪ್ಪೇನೂ ಇಲ್ಲ, ನೋಡಿ. ಹೊಚ್ಚ ಹೊಸ ಮಷೀನ್ ತಂದರೂ ಬಾರ್ ಅಷ್ಟೇ ಬಾಗುತ್ತದೆ.

ಹಾಗಾದರೆ ಮಾಡೋದೇನು? ಹೊರಗಿರುವ ಉದ್ದ ವ್ಯಾಸದ ಮೂರು ಪಟ್ಟು ದಾಟಿದರೆ ಟೈಲ್‌ಸ್ಟಾಕ್ ಕೊಡಿ. ಹತ್ತು ಹನ್ನೆರಡು ಪಟ್ಟು ದಾಟಿದರೆ ಸ್ಟೆಡಿ (ಜಾಬ್‌ಗೆ ನಡುವೆ ಕೊಡುವ ಆಸರೆ) ಬೇಕು. ಟೂಲ್‌ನ ಮೂಗಿನ ರೇಡಿಯಸ್ ಸಣ್ಣದು ಹಾಕಿ. 0.8 ರೇಡಿಯಸ್ ಇನ್ಸರ್ಟ್‌ನಲ್ಲಿ 0.1 ಆಳ ಕೊಟ್ಟರೆ ಕತ್ತರಿಸುವುದೆಲ್ಲ ಮೂಗೇ, ಬಲವೆಲ್ಲ ಜಾಬ್ ಅನ್ನು ಹಿಂದಕ್ಕೆ ತಳ್ಳುವ ಕಡೆ ಹೋಗುತ್ತದೆ. 0.4 ಹಾಕಿ, ಆಳ ಸ್ವಲ್ಪ ಜಾಸ್ತಿ ಇಡಿ, ಎಷ್ಟೋ ಸಲ ಅಷ್ಟರಲ್ಲೇ ಸರಿಹೋಗುತ್ತದೆ. ಫಿನಿಶ್ ಕಟ್‌ಗೆ ಆಳ ಆದಷ್ಟು ಕಮ್ಮಿ ಇರಬೇಕು ಅನ್ನುವ ನಂಬಿಕೆ ಇಲ್ಲಿ ಕೈ ಕೊಡುತ್ತದೆ.

ಎರಡು ಕಾಲರ್ ಪರೀಕ್ಷೆ

ಸ್ಪ್ರಿಂಗ್ ಪಾಸ್‌ನಲ್ಲೂ ಟೇಪರ್ ಹೋಗಲಿಲ್ಲ ಅಂದರೆ ಮಷೀನ್ ಪರೀಕ್ಷೆ ಮಾಡಬೇಕು. ಉತ್ಪಾದನೆ ಜಾಬ್ ಮೇಲೆ ಬೇಡ. ಒಂದು ದಪ್ಪ ಬಾರ್ ತಗೊಳ್ಳಿ, 50 ಮಿಮೀ ವ್ಯಾಸ, ಚಕ್‌ನಿಂದ 150 ಮಿಮೀ ಹೊರಗೆ. ಟೈಲ್‌ಸ್ಟಾಕ್ ಬೇಡ. ಚಕ್ ಹತ್ತಿರ ಒಂದು, ಹೊರ ತುದಿಯಲ್ಲಿ ಒಂದು, ಹತ್ತು ಹದಿನೈದು ಮಿಮೀ ಅಗಲದ ಕಾಲರ್ ಬಿಟ್ಟು ನಡುವಿನ ಭಾಗ ಒಂದೆರಡು ಮಿಮೀ ಇಳಿಸಿ. ಈಗ ಎಚ್‌ಎಸ್‌ಎಸ್ ಟೂಲ್‌ಗೆ ಹೊಸದಾಗಿ ಸಾಣೆ ಹಿಡಿದು, ತೀರಾ ಸಣ್ಣ ಕಟ್‌ನಲ್ಲಿ, ಕ್ರಾಸ್ ಸ್ಲೈಡ್ ಮುಟ್ಟದೆ ಎರಡೂ ಕಾಲರ್ ಮೇಲೆ ಒಂದೇ ಪಾಸ್ ಓಡಿಸಿ. ಎರಡನ್ನೂ ಅಳೆಯಿರಿ.

ಬಾರ್ ದಪ್ಪ ಇದೆ, ಬಲ ಕಮ್ಮಿ ಇದೆ, ಹಾಗಾಗಿ ಬಾಗುವುದು ಒಂದು ಮೈಕ್ರಾನ್‌ಗಿಂತ ಕಮ್ಮಿ. ಕತ್ತರಿಸುವ ದೂರ ಕಮ್ಮಿ, ಟೂಲ್ ಸವೆಯುವುದಿಲ್ಲ, ಬಿಸಿಯೂ ಇಲ್ಲ. ಟೈಲ್‌ಸ್ಟಾಕ್ ಸೇರಿಲ್ಲ. ಉಳಿದಿದ್ದು ಸ್ಪಿಂಡಲ್ ಮತ್ತು ಬೆಡ್ ನಡುವಿನ ಸಂಬಂಧ ಮಾತ್ರ.

ಹೊರ ಕಾಲರ್ ದಪ್ಪ ಬಂದರೆ ಟೂಲ್ ಅಲ್ಲಿ ಅಕ್ಷದಿಂದ ದೂರ ಹೋಗಿದೆ. ಹೊರ ಕಾಲರ್ ಒಂದೆರಡು ಮೈಕ್ರಾನ್ ಸಣ್ಣ ಬಂದರೆ ಗಾಬರಿ ಬೇಡ. ಲೇತ್ ಟೆಸ್ಟ್ ಚಾರ್ಟ್‌ನಲ್ಲೇ ಸ್ಪಿಂಡಲ್ ಅಕ್ಷದ ಹೊರ ತುದಿ ಟೂಲ್ ಕಡೆಗೆ ಮಾತ್ರ ಸ್ವಲ್ಪ ತಿರುಗಿರಬಹುದು ಅಂತ ಇರುತ್ತದೆ, 300 ಮಿಮೀ ಉದ್ದಕ್ಕೆ 0.015 ಮಿಮೀವರೆಗೆ. ಹಿಂದಕ್ಕೆ ತಿರುಗಲು ಬಿಡುವುದಿಲ್ಲ. ಕಟ್ ಬಿದ್ದಾಗ ಜಾಬ್ ಹೇಗೂ ಹಿಂದಕ್ಕೆ ಹೋಗುತ್ತದೆ, ಅದನ್ನು ಮೊದಲೇ ಲೆಕ್ಕ ಹಾಕಿ ಇಟ್ಟಿದ್ದು.

ಹೊರ ಕಾಲರ್ ದಪ್ಪ ಬಂತು ಅಂದುಕೊಳ್ಳಿ. ಈಗಲಾದರೂ ಹೆಡ್‌ಸ್ಟಾಕ್ ಬೋಲ್ಟ್ ಬಿಚ್ಚೋಣವಾ? ಬೇಡ, ಇನ್ನೂ ಬೇಡ. ಮೊದಲು ಲೆವೆಲ್ ನೋಡಿ. ಮೀಟರಿಗೆ 0.02 ಮಿಮೀ ಸೂಕ್ಷ್ಮತೆಯ ಮಷೀನ್ ಲೆವೆಲ್ ಬೇಕು, ಗಾರೆ ಕೆಲಸದ ಲೆವೆಲ್ ಆಗುವುದಿಲ್ಲ. ಅದನ್ನು ಬೆಡ್‌ಗೆ ಅಡ್ಡವಾಗಿ ಹೆಡ್‌ಸ್ಟಾಕ್ ಹತ್ತಿರ ಇಟ್ಟು ಓದಿ, ಆಮೇಲೆ ಟೈಲ್‌ಸ್ಟಾಕ್ ಕಡೆ ಇಟ್ಟು ಓದಿ. ಮಷೀನ್ ಒಟ್ಟಾರೆ ಒಂದು ಕಡೆ ವಾಲಿದ್ದರೆ ಚಿಂತೆಯಿಲ್ಲ. ಎರಡು ಕಡೆಯ ಓದು ಬೇರೆ ಬೇರೆ ಇದ್ದರೆ ಬೆಡ್ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿದೆ.

ಟೈಲ್‌ಸ್ಟಾಕ್ ತುದಿಯಲ್ಲಿ ಆಪರೇಟರ್ ಕಡೆಯ ಕಾಲು ಕುಸಿದಿದ್ದರೆ ಸ್ಯಾಡಲ್ ಅಲ್ಲಿ ಮುಂದಕ್ಕೆ ವಾಲುತ್ತದೆ, ಟೂಲ್ ಜಾಬ್‌ನಿಂದ ದೂರ ಸರಿಯುತ್ತದೆ, ಹೊರ ತುದಿ ದಪ್ಪ ಬರುತ್ತದೆ. ಆ ಕಾಲಿನ ಸ್ಕ್ರೂ ಸ್ವಲ್ಪ ಏರಿಸಿ, ಬೋಲ್ಟ್ ಬಿಗಿ ಮಾಡಿ, ಮತ್ತೆ ಕಾಲರ್ ಪಾಸ್ ಕೊಡಿ. ಹೊರ ಕಾಲರ್ ಸಣ್ಣ ಬಂದಿದ್ದರೆ ಉಲ್ಟಾ ಮಾಡಿ. ಬಾಡಿಗೆ ಶೆಡ್‌ನ ತೆಳು ಕಾಂಕ್ರೀಟ್ ಮೇಲೆ ಕೂತ ಮಷೀನ್‌ಗಳಲ್ಲಿ ಮಳೆಗಾಲ ಕಳೆದ ಮೇಲೆ ಈ ತೊಂದರೆ ಕಾಣಿಸಿದರೆ ಆಶ್ಚರ್ಯ ಪಡಬೇಡಿ. ಪಕ್ಕದಲ್ಲಿ ಹೊಸದಾಗಿ ಪವರ್ ಪ್ರೆಸ್ ಬಂದಿದ್ದರೂ ಒಮ್ಮೆ ಲೆವೆಲ್ ನೋಡಿ.

ಲೆವೆಲ್ ಸರಿ ಇದ್ದೂ ಚಕ್ ಹತ್ತಿರ ಮಾತ್ರ ದಪ್ಪ ಬಂದರೆ ಬೆಡ್ ಸವೆತ. ಸ್ಯಾಡಲ್ ಜಾಸ್ತಿ ಓಡಾಡುವುದು ಚಕ್ ಹತ್ತಿರದ ಜಾಗದಲ್ಲಿ, ಸವೆಯುವುದೂ ಅಲ್ಲೇ, ಅದೂ ಆಪರೇಟರ್ ಕಡೆಯ ವಿ ಗೈಡ್ (ಬೆಡ್ ಮೇಲಿನ ವಿ ಆಕಾರದ ಹಳಿ). ಇದಕ್ಕೆ ಸ್ಕ್ರೂನಲ್ಲಿ ಮದ್ದಿಲ್ಲ. ಬೆಡ್ ಗ್ರೈಂಡಿಂಗ್, ಸ್ಕ್ರೇಪಿಂಗ್ ಮಾಡಿಸಬೇಕು. ಅಲ್ಲಿಯವರೆಗೆ ಮುಖ್ಯ ಜಾಬ್‌ಗಳನ್ನು ಸವೆಯದ ಜಾಗದಲ್ಲಿ ಬರುವ ಹಾಗೆ ಹಿಡಿದುಕೊಳ್ಳಿ.

ಟೈಲ್‌ಸ್ಟಾಕ್ ಸರದಿ

"ಅಣ್ಣಾ, ಟೈಲ್‌ಸ್ಟಾಕ್ ಸ್ವಲ್ಪ ಈ ಕಡೆ ಎಳೀಲಾ?" ಅಂತ ಹೊಸ ಹುಡುಗ ಕೇಳಿದರೆ, "ಎಷ್ಟು ಎಳೀತೀಯೋ, ಅದನ್ನ ಮೊದಲು ಹೇಳು" ಅನ್ನಬೇಕು. ಸ್ವಲ್ಪ ಅನ್ನೋದು ಅಳತೆ ಅಲ್ಲ.

ಲೆಕ್ಕ ಹೀಗೆ. ಟೈಲ್‌ಸ್ಟಾಕ್ ಸರಿದಷ್ಟರ ಎರಡರಷ್ಟು ವ್ಯತ್ಯಾಸ ವ್ಯಾಸದಲ್ಲಿ ಬರುತ್ತದೆ, ಪೂರ್ತಿ ಉದ್ದಕ್ಕೆ. ಜಾಬ್ ಒಟ್ಟು 400 ಮಿಮೀ, ಅದರಲ್ಲಿ 200 ಮಿಮೀ ಮಾತ್ರ ಟರ್ನ್ ಮಾಡಿದ್ದೀರಿ, ಎರಡು ತುದಿಗೆ 0.03 ವ್ಯತ್ಯಾಸ ಬಂದಿದೆ. ಪೂರ್ತಿ ಉದ್ದಕ್ಕೆ ಅದು 0.06. ಅದರ ಅರ್ಧ, ಅಂದರೆ ಟೈಲ್‌ಸ್ಟಾಕ್ 0.03 ಸರಿಯಬೇಕು. 0.015 ಸರಿಸಿ, ಯಾಕೆ ಅರ್ಧವೇ ಸರಿಹೋಯ್ತು ಅಂತ ತಲೆ ಕೆರೆದುಕೊಳ್ಳುವವರು ಈ ಉದ್ದದ ಲೆಕ್ಕ ಬಿಟ್ಟಿರುತ್ತಾರೆ. ಟೈಲ್‌ಸ್ಟಾಕ್ ಕಡೆ ದಪ್ಪ ಇದ್ದರೆ ಆಪರೇಟರ್ ಕಡೆಗೆ ಸರಿಸಿ, ಸಣ್ಣ ಇದ್ದರೆ ಹಿಂದಕ್ಕೆ. ಕ್ವಿಲ್‌ನ ಪಕ್ಕಕ್ಕೆ ಡಯಲ್ ಮುಟ್ಟಿಸಿ, ನೋಡುತ್ತಾ ಸರಿಸಿ. ಬೆಡ್‌ಗೆ ಕ್ಲ್ಯಾಂಪ್ ಮಾಡಿದ ಮೇಲೆ ಡಯಲ್ ಮತ್ತೆ ಓದಿ. ಕ್ಲ್ಯಾಂಪ್ ಮಾಡುವಾಗಲೇ ಕೆಲವು ಟೈಲ್‌ಸ್ಟಾಕ್ ಜಾಗ ಬಿಡುತ್ತವೆ.

ಸರಿಸುವ ಮೊದಲು ಕ್ವಿಲ್‌ನ ಒಳಗಿನ ಟೇಪರ್ ಒರೆಸಿದ್ದೀರಾ? ಅಲ್ಲಿ ಒಂದು ಸಣ್ಣ ಚಿಪ್ ಸಿಕ್ಕಿಕೊಂಡಿದ್ದರೆ ಸೆಂಟರ್ ವಾರೆ ಕೂರುತ್ತದೆ. ಜಾಬ್‌ನ ಸೆಂಟರ್ ಹೋಲ್‌ನಲ್ಲಿ ಬರ್ ಇದ್ದರೂ ಹಾಗೇ. ಕ್ವಿಲ್ ತೀರಾ ಉದ್ದ ಹೊರಗೆ ಬಿಟ್ಟಿದ್ದರೆ ಅದೂ ಬಾಗುತ್ತದೆ.

ಸೆಂಟರ್ ತೀರಾ ಬಿಗಿ ಕೊಡಬೇಡಿ. 400 ಮಿಮೀ ಬಾರ್ 20 ಡಿಗ್ರಿ ಬಿಸಿಯಾದರೆ 0.09 ಮಿಮೀ ಉದ್ದ ಆಗುತ್ತದೆ. ಹೋಗಲು ಜಾಗ ಇಲ್ಲದಿದ್ದರೆ ನಡುವೆ ಬಿಲ್ಲು ಬಾಗುತ್ತದೆ. ಉದ್ದ ಜಾಬ್‌ನಲ್ಲಿ ರಫ್ ಆದ ಮೇಲೆ ಒಮ್ಮೆ ಸಡಿಲಿಸಿ ಮತ್ತೆ ಕೊಡಿ.

ಟೈಲ್‌ಸ್ಟಾಕ್‌ನ ತಳ ಸವೆದು ಎತ್ತರ ಇಳಿದಿದೆ, ಅದಕ್ಕೇ ಟೇಪರ್ ಅಂತ ಹೇಳುವವರೂ ಇದ್ದಾರೆ. 25 ಮಿಮೀ ಜಾಬ್‌ಗೆ ಎತ್ತರ 0.1 ಮಿಮೀ ಇಳಿದರೂ ವ್ಯಾಸದಲ್ಲಿ ಬರುವ ವ್ಯತ್ಯಾಸ ಒಂದು ಮೈಕ್ರಾನ್ ಕೂಡ ಇಲ್ಲ. ಡ್ರಿಲ್ಲಿಂಗ್, ರೀಮಿಂಗ್‌ಗೆ ಅದು ತೊಂದರೆ ನಿಜ. ಟೇಪರ್‌ಗೆ ಅಲ್ಲ.

ಉಳಿದ ಕಾರಣಗಳು

ಟೂಲ್ ಸವೆತ ಆದರೆ ಕಟ್ ಮುಗಿಯುವ ಕಡೆ ದಪ್ಪ ಬರುತ್ತದೆ, ಜಾಬ್‌ನಿಂದ ಜಾಬ್‌ಗೆ ಸೈಜ್ ಏರುತ್ತದೆ, ಹೊಸ ಅಂಚು ತಿರುಗಿಸಿದ ಕೂಡಲೇ ಸರಿಹೋಗುತ್ತದೆ. ಒಂದು ಜಾಬ್‌ನಲ್ಲಿ ಟೇಪರ್, ಮುಂದಿನದರಲ್ಲಿ ಇಲ್ಲ, ಅದರ ಮುಂದಿನದರಲ್ಲಿ ಉಲ್ಟಾ, ಹೀಗೆ ಗೊತ್ತುಗುರಿ ಇಲ್ಲದೆ ಬಂದರೆ ಕ್ರಾಸ್ ಸ್ಲೈಡ್, ಸ್ಯಾಡಲ್ ಗಿಬ್ (ಸ್ಲೈಡ್‌ನ ಸಡಿಲ ತೆಗೆಯುವ ಪಟ್ಟಿ) ನೋಡಿ. ಕಾಂಪೌಂಡ್ ಸ್ಲೈಡ್ (ಕೋನಕ್ಕೆ ತಿರುಗಿಸಬಹುದಾದ ಮೇಲಿನ ಸ್ಲೈಡ್) ಹ್ಯಾಂಡಲ್ ತಿರುಗಿಸಿ ಟರ್ನ್ ಮಾಡುತ್ತಿದ್ದರೆ ಬೇರೆ ಏನೂ ಹುಡುಕಬೇಡಿ. ಅದರ ಗುರುತು ಕಾಲು ಡಿಗ್ರಿ ಬೇಡ, 0.1 ಡಿಗ್ರಿ ಆಚೀಚೆ ಇದ್ದರೂ 50 ಮಿಮೀ ಉದ್ದಕ್ಕೆ ವ್ಯಾಸದಲ್ಲಿ 0.17 ಮಿಮೀ ವ್ಯತ್ಯಾಸ.

ಹೊಸೂರಿನಲ್ಲಿ ಡಿಸೆಂಬರ್ ಬೆಳಿಗ್ಗೆ ಚಳಿ, ಮಧ್ಯಾಹ್ನ ತಗಡಿನ ಕೆಳಗೆ ಬಿಸಿ. ಮೊದಲ ಶಿಫ್ಟ್‌ನ ಮೊದಲ ಗಂಟೆಯಲ್ಲಿ ಮಾತ್ರ ಸೈಜ್ ಓಡಾಡುತ್ತಿದ್ದರೆ ಏನನ್ನೂ ಸರಿಸಬೇಡಿ. ಅರ್ಧ ಗಂಟೆ ಸ್ಪಿಂಡಲ್ ಸುಮ್ನೆ ಓಡಲಿ, ಹೆಡ್‌ಸ್ಟಾಕ್ ಬೆಚ್ಚಗಾಗಲಿ, ಆಮೇಲೆ ಅಳೆಯಿರಿ.

ಸಿಎನ್‌ಸಿಯಲ್ಲಿ

ಇಲ್ಲೂ ಬಾಗುವ ಲೆಕ್ಕ, ಎರಡು ಕಾಲರ್ ಪರೀಕ್ಷೆ ಎಲ್ಲ ಹಾಗೇ ನಡೆಯುತ್ತದೆ. ಎರಡು ತಪ್ಪು ಅನುಮಾನ ಮಾತ್ರ ಬಿಡಿ. ಮೊದಲನೆಯದು ಬ್ಯಾಕ್‌ಲ್ಯಾಶ್ (ದಿಕ್ಕು ಬದಲಿಸುವಾಗ ಸ್ಕ್ರೂನಲ್ಲಿ ಬರುವ ಸಡಿಲ). ನೇರ ವ್ಯಾಸ ಕತ್ತರಿಸುವಾಗ ಎಕ್ಸ್ ಅಕ್ಷ (ವ್ಯಾಸದ ಕಡೆಯ ಚಲನೆ) ಸರಿಯುವುದೇ ಇಲ್ಲ. ಹಾಗಿರುವಾಗ ಎಕ್ಸ್ ಬ್ಯಾಕ್‌ಲ್ಯಾಶ್‌ನಿಂದ ಸಮವಾದ ಟೇಪರ್ ಹೇಗೆ ಬರುತ್ತದೆ? ಎರಡನೆಯದು ಜಿ42, ಅಂದರೆ ಮೂಗಿನ ರೇಡಿಯಸ್ ಕಾಂಪೆನ್ಸೇಶನ್. ಅದು ತಪ್ಪಿದ್ದರೆ ಕೋನದಲ್ಲಿ, ರೇಡಿಯಸ್‌ನಲ್ಲಿ ಗೊತ್ತಾಗುತ್ತದೆ. ನೇರ ವ್ಯಾಸಕ್ಕೆ ಟೇಪರ್ ಕೊಡುವುದಿಲ್ಲ. ಇವೆರಡರ ಬದಲು ಟೈಲ್‌ಸ್ಟಾಕ್ ಪ್ರೆಶರ್ ನೋಡಿ. ದಪ್ಪ ಜಾಬ್‌ಗೆ ಇಟ್ಟ ಪ್ರೆಶರ್‌ನಲ್ಲೇ ಸಣ್ಣ ಶಾಫ್ಟ್ ಓಡಿಸಿದರೆ ಬಾಗದೆ ಇನ್ನೇನು ಆಗುತ್ತದೆ?

ಪ್ರೋಗ್ರಾಮ್‌ನಲ್ಲಿ ದಪ್ಪ ಬರುವ ತುದಿಯ ಎಕ್ಸ್ ಬೆಲೆಯನ್ನು 25 ಬದಲು 24.98 ಅಂತ ಬರೆದು ಟೇಪರ್ ಮುಚ್ಚುವುದು ಎಲ್ಲ ಕಡೆ ಇದೆ. ಸಂಜೆ ಲೋಡ್ ಹೋಗಬೇಕು ಅಂದಾಗ ನಾನೂ ಅದನ್ನು ಬೇಡ ಅನ್ನಲ್ಲ. ಜಾಬ್ ಬಾಗುವುದರಿಂದ ಬರುವ ಟೇಪರ್‌ಗಂತೂ ಅದೇ ನೆಟ್ಟಗಿನ ದಾರಿ. ಬೆಡ್ ತಿರುಚಿದ್ದಕ್ಕೆ ಹಾಗೆ ಮಾಡಿದರೆ ಮಾತ್ರ ಪ್ರತಿ ಪ್ರೋಗ್ರಾಮ್‌ನಲ್ಲೂ ಅದೇ ತಿದ್ದುಪಡಿ ಹೊತ್ತುಕೊಂಡು ತಿರುಗಬೇಕು. ಏನೇ ಮಾಡಿದರೂ ಸೆಟಪ್ ಶೀಟ್‌ನಲ್ಲಿ ಬರೆದಿಡಿ. ಮುಂದಿನ ಶಿಫ್ಟ್‌ನವನು ತಮಿಳಿನವನೋ ತೆಲುಗಿನವನೋ ಇರಬಹುದು, ಹಾಗಾಗಿ ಒಂದು ಶಾಫ್ಟ್ ಚಿತ್ರ ಗೀಚಿ, ಮೂರು ಜಾಗದ ಅಳತೆ ಹಾಕಿ, ಎಷ್ಟು ತಿದ್ದಿದ್ದು ಅಂತ ಅಂಕಿಯಲ್ಲಿ ಬರೆಯಿರಿ.

ತೆಳು ಗೋಡೆಯ ಬುಷ್‌ನಲ್ಲಿ ಬೋರ್ ಸೈಜ್ ತುದಿಯಿಂದ ತುದಿಗೆ ಬೇರೆ ಬಂದರೆ ಅದನ್ನು ಟೇಪರ್ ಅಂತ ಕರೆಯುವ ಮೊದಲು ಚಕ್ ಪ್ರೆಶರ್ ಇಳಿಸಿ ಒಂದು ಪೀಸ್ ಮಾಡಿ ನೋಡಿ. ಮೂರು ಜಾ ಒತ್ತಿದ ಬೋರ್, ಬಿಟ್ಟ ಮೇಲೆ ಮೂರು ಮೂಲೆ ಆಗುತ್ತದೆ. ಎರಡು ಕಡೆ ಮುಟ್ಟಿ ಅಳೆಯುವ ಗೇಜ್‌ಗೆ ಈ ಮೂರು ಮೂಲೆ ಸರಿಯಾಗಿ ಸಿಗುವುದೇ ಇಲ್ಲ, ಯಾವ ಕಡೆ ಅಳೆದರೂ ಹೆಚ್ಚುಕಮ್ಮಿ ಒಂದೇ ತೋರಿಸುತ್ತದೆ. ಪ್ಲಗ್ ಗೇಜ್ ಮಾತ್ರ ಒಳಗೆ ಹೋಗಲ್ಲ. ಮೂರು ಕಾಲಿನ ಬೋರ್ ಗೇಜ್‌ನಲ್ಲಿ ತಿರುಗಿಸುತ್ತಾ ಅಳೆಯಿರಿ.

ಇಷ್ಟೆಲ್ಲ ನೋಡಿದ ಮೇಲೂ, ಬೆಡ್ ಲೆವೆಲ್ ಸರಿ, ಬೇರಿಂಗ್ ಗಟ್ಟಿ, ಸವೆತ ಇಲ್ಲ, ಆದರೂ ಕಾಲರ್ ಪರೀಕ್ಷೆಯಲ್ಲಿ ಅದೇ ಟೇಪರ್ ಬರುತ್ತಿದ್ದರೆ ಆಗ ಹೆಡ್‌ಸ್ಟಾಕ್. ವಿ ಗೈಡ್ ಮೇಲೆ ಕೂರುವ ಹೆಡ್‌ಸ್ಟಾಕ್‌ನಲ್ಲಿ ತಿದ್ದಲು ಸ್ಕ್ರೂ ಇರುವುದೇ ಇಲ್ಲ, ಸ್ಕ್ರೇಪ್ ಮಾಡಬೇಕು. ಚಪ್ಪಟೆ ತಳದ್ದಾದರೆ ತಿದ್ದುವ ಸ್ಕ್ರೂ ಇರುತ್ತದೆ. ಮೆಂಟೆನೆನ್ಸ್‌ನವರನ್ನು ಕರೆಸಿ, 300 ಮಿಮೀ ಟೆಸ್ಟ್ ಮ್ಯಾಂಡ್ರೆಲ್ (ಸ್ಪಿಂಡಲ್‌ಗೆ ಹಾಕಿ ಪರೀಕ್ಷಿಸುವ ನಿಖರ ಬಾರ್) ತರಲು ಹೇಳಿ. ಮ್ಯಾಂಡ್ರೆಲ್ ಇಲ್ಲದೆ ಬಂದರೆ ಬೋಲ್ಟ್ ಬಿಚ್ಚಲು ಬಿಡಬೇಡಿ.